ಕೇಳದೆ ಔಟ್ ಇಲ್ಲ

ನಮ್ಮ ಕ್ಲಬ್ಬಿನ ಚರಿತ್ರೆ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಮೊದಲು ಊರಿನ ನಾಲ್ಕಾರು ಗಂಡಸರ ಹಿಂದೆ ಬಿದ್ದಿದ್ದರು. ಬರೆಯಲು ಕೂತವರೆಲ್ಲ ತಾವು ಹೊಡೆದ ಸಿಕ್ಸರಿನಿಂದ ಶುರು ಮಾಡಿ ತಾವು ಹಿಡಿದ ಕ್ಯಾಚಿಗೆ ಮುಗಿಸಿದರು. ನಡುವೆ ಕ್ಲಬ್ಬು ಎಲ್ಲಿಯೂ ಬರಲಿಲ್ಲ. ಕೊನೆಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಜೀವಮಾನದಲ್ಲಿ ಒಂದು ಬಾಲೂ ಆಡಿದವಳಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡು ಆಟಗಾರರ ಬಿಳಿ ಪ್ಯಾಂಟು ಹೊಲಿಯುವವಳು. ಯಾರ ಸೊಂಟ ಯಾವ ಸೀಸನ್ನಿನಲ್ಲಿ ಎಷ್ಟು ಬೆಳೆಯಿತೆಂದು ನನಗೆ ಗೊತ್ತಿರುವುದರಿಂದ ನನ್ನ ಮುಂದೆ ಯಾರೂ ಜಂಬ ಕೊಚ್ಚುವುದಿಲ್ಲ. ಇನ್ನೊಂದು ಕಾರಣವೂ ಇದೆ. ಕ್ಲಬ್ಬಿನ ಅಂಪೈರ್ ಅಡವೀಶಯ್ಯ ನನ್ನ ಸೋದರಮಾವ. ಅವನ ಮನೆಯಲ್ಲೇ ನಾನು ಬೆಳೆದದ್ದು, ಈಗ ಇರುವುದೂ ಅಲ್ಲೇ.

ನಮ್ಮ ಮೈದಾನದಲ್ಲಿ ಇವತ್ತು ಆದ ಸದ್ದು ನಾಳೆ ಅದೇ ಹೊತ್ತಿಗೆ ಕೇಳಿಸುತ್ತದೆ. ಸುಣ್ಣದ ಗೆರೆಯ ಆಚೆ ಎಲ್ಲ ಊರಿನ ಹಾಗೆಯೇ: ಹಾರ್ನು, ನಾಯಿ, ಜಗಳ ಎಲ್ಲ ಆಗಿಂದಾಗಲೇ. ಗೆರೆ ದಾಟಿ ಒಳಗೆ ಕಾಲಿಟ್ಟರೆ ನಿಮ್ಮ ಚಪ್ಪಲಿಯ ಸದ್ದು ಕೂಡ ನಿಮಗೆ ಕೇಳಿಸುವುದಿಲ್ಲ. ನಾಳೆ ಅದೇ ಜಾಗದಲ್ಲಿ ಬಂದು ನಿಂತರೆ ಕೇಳಿಸುತ್ತದೆ. ಆದ್ದರಿಂದ ನಮ್ಮಲ್ಲಿ ಭಾನುವಾರ ನೋಡುವ ದಿನ, ಸೋಮವಾರ ಕೇಳುವ ದಿನ. ಭಾನುವಾರ ಮ್ಯಾಚು ಮೂಕಿ ಸಿನಿಮಾದಂತೆ ನಡೆಯುತ್ತದೆ. ಸೋಮವಾರ ಜನ ಗೆರೆಯ ಒಳಗೆ ಚಾಪೆ ಹಾಸಿಕೊಂಡು, ಖಾಲಿ ಮೈದಾನದಲ್ಲಿ ಬ್ಯಾಟು ಟೊಕ್ಕೆನ್ನುವುದನ್ನು, ಬೌಲರು ಏದುಸಿರು ಬಿಡುವುದನ್ನು ಕೇಳುತ್ತಾರೆ. ಅರ್ಧ ಊರಿಗೆ ಸೋಮವಾರವೇ ಇಷ್ಟ, ಏಕೆಂದರೆ ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಮಲಗಿದರೂ ಮ್ಯಾಚು ತಪ್ಪುವುದಿಲ್ಲ.

ಹೊರಗಿನ ಟೀಮುಗಳಿಗೆ ಇದರ ಅಂದಾಜು ಸಿಗುವುದು ನಿಧಾನ. ಭಾನುವಾರ ಬಾಯಿಗೆ ಬಂದಂತೆ ಬೈದುಕೊಂಡು ಆಡಿ, ಸೋಮವಾರ ಊರಿನ ಹೆಂಗಸರೆಲ್ಲ ಮಂಡಕ್ಕಿ ತಿನ್ನುತ್ತಾ ಆ ಬೈಗುಳಗಳನ್ನೇ ಕೇಳುತ್ತಿರುವುದನ್ನು ಕಂಡು ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ನಮ್ಮ ಹುಡುಗರು ಮಾತ್ರ ಬಲು ಸಭ್ಯರು. ಹಿಂದೊಮ್ಮೆ ಸ್ಲಿಪ್ಪಿನಲ್ಲಿ ನಿಂತ ಚನ್ನಬಸು ಬೇಜಾರಿಗೆ ಪಕ್ಕದವನ ಹತ್ತಿರ ತನ್ನ ಹೆಂಡತಿಯ ಉಪ್ಪಿಟ್ಟಿನ ಬಗ್ಗೆ ಏನೋ ಅಂದ. ಮಾರನೆಯ ದಿನ ಅವಳು ಅದನ್ನು ಅತ್ತೆಯ ಪಕ್ಕ ಕೂತು ಕೇಳಿದಳು. ಆ ಬೇಸಿಗೆಯೆಲ್ಲ ಚನ್ನಬಸು ಹೋಟೆಲಿನಲ್ಲಿ ತಿಂಡಿ ತಿಂದ. ಬ್ಯಾಟ್ಸ್‌ಮನ್ನುಗಳು ರನ್ನಿಗೆ ‘ಬಾ’, ‘ಬೇಡ’ ಎಂದು ಕೂಗಿ ಪ್ರಯೋಜನವಿಲ್ಲ. ತುಟಿ ನೋಡಿಯೇ ಓಡುತ್ತಾರೆ. ಹೀಗಾಗಿ ಇಲ್ಲಿ ಆಡಿದವರಿಗೆಲ್ಲ ತುಟಿ ಓದುವುದು ಕರತಲಾಮಲಕ.

ಕ್ಲಬ್ಬನ್ನು ಕಟ್ಟಿದವರು ಹತ್ತಿ ಜಿನ್ನಿಂಗ್ ಮಿಲ್ಲಿನ ಮ್ಯಾನೇಜರಾಗಿದ್ದ ವಿರೂಪಣ್ಣನವರು. ಊರಿಗೆ ಮೊದಲ ಬ್ಯಾಟು ತಂದವರೂ ಅವರೇ. ಬೇರೆ ಊರಿನ ಕ್ಲಬ್ಬುಗಳ ನಿಯಮದ ಪುಸ್ತಕ ನಮ್ಮಲ್ಲಿ ನಡೆಯದು ಎಂದು ಅವರಿಗೆ ಬೇಗ ಹೊಳೆದಿರಬೇಕು. ಪೆವಿಲಿಯನ್ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಒಂದೇ ನಿಯಮ ಕೆತ್ತಿಸಿದರು: ‘ಕೇಳದೆ ಔಟ್ ಇಲ್ಲ’. ಕಲ್ಲು ಚಿಕ್ಕದಿತ್ತು, ಹೆಚ್ಚು ಹಿಡಿಸುತ್ತಿರಲಿಲ್ಲ. ಅದರ ಅರ್ಥ ಹೇಳುವ ಮೊದಲೇ ವಿರೂಪಣ್ಣನವರು ತೀರಿಕೊಂಡರು. ಅಲ್ಲಿಂದ ನಮ್ಮ ಕ್ಲಬ್ಬಿನ ನಿಜವಾದ ಚರಿತ್ರೆ ಶುರುವಾಗುತ್ತದೆ, ಏಕೆಂದರೆ ಕೇಳುವುದೆಂದರೆ ಯಾವ ಕೇಳುವುದು?

ಫೀಲ್ಡರುಗಳು ಕೈ ಎತ್ತಿ ಔಟ್ ಕೇಳದೆ ಔಟ್ ಇಲ್ಲ ಎಂದು ಒಂದು ಗುಂಪು. ಇವರಿಗೆ ಬಾಯಿ ಪಕ್ಷ ಎಂದು ಹೆಸರು. ಇದರ ಮುಖಂಡ ಅಕ್ಕಿ ಅಂಗಡಿ ಕೊಟ್ರಪ್ಪ, ನಮ್ಮ ಇನ್ನೊಬ್ಬ ಅಂಪೈರ್. ಫೀಲ್ಡರ್ ಕೇಳಿದರೆ ಸಾಲದು, ಬ್ಯಾಟಿಗೆ ಬಾಲು ತಗಲಿದ ಸದ್ದನ್ನು ಅಂಪೈರ್ ತನ್ನ ಕಿವಿಯಾರೆ ಕೇಳದೆ ಔಟ್ ಇಲ್ಲ ಎಂದು ಇನ್ನೊಂದು ಗುಂಪು. ಇದು ಕಿವಿ ಪಕ್ಷ; ಇದರ ಮುಖಂಡ ನನ್ನ ಮಾವ. ಈ ಒಂದು ಶಬ್ದಕ್ಕಾಗಿ ಮದುವೆ ಮನೆಯಲ್ಲಿ ಎಲೆ ಬಿಟ್ಟು ಎದ್ದವರಿದ್ದಾರೆ. ಕೊನೆಗೆ ರಾಜಿಯಾಗಿ ಎರಡನ್ನೂ ಇಟ್ಟುಕೊಂಡರು. ಭಾನುವಾರ ಫೀಲ್ಡರುಗಳು ಕೈ ಎತ್ತಿ ಕೇಳಬೇಕು. ಅನುಮಾನವಿದ್ದರೆ ಬ್ಯಾಟ್ಸ್‌ಮನ್ ಆಡುತ್ತಲೇ ಇರುತ್ತಾನೆ. ಸೋಮವಾರ ಅದೇ ಹೊತ್ತಿಗೆ ಅವನೂ ಅಂಪೈರೂ ಇಬ್ಬರೇ ನಡುವೆ ಹೋಗಿ ನಿಲ್ಲಬೇಕು. ಬ್ಯಾಟು ಸವರಿದ ಸದ್ದು ಅಂಪೈರಿಗೆ ಕೇಳಿಸಿದರೆ ಬೆರಳು ಏಳುತ್ತದೆ, ಆಮೇಲಿನ ರನ್ನುಗಳೆಲ್ಲ ಸುಳ್ಳಾಗುತ್ತವೆ. ಗೆರೆಯ ಬಳಿ ಕೂತವರಿಗೆ ಅಂಥ ಸಣ್ಣ ಸದ್ದು ಮುಟ್ಟುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಕೇಳಿಸುವುದು ಅದರ ಹಿಂದೆಯೇ ಬರುವ ಫೀಲ್ಡರುಗಳ ಬೊಬ್ಬೆ ಒಂದೇ.

ಮಾವ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದವನಾಗಿದ್ದ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಊರಿನಲ್ಲಿ ಅವನಿಗಿರುವುದು ಆ ಬಿಳಿ ಕೋಟು ಮತ್ತು ‘ಅಯ್ಯಾರ ಕಿವಿ’ ಎಂಬ ಮಾತು. ಅಯ್ಯಾರ ಕಿವಿಗೆ ಬಿದ್ದರೆ ಮುಗಿಯಿತು, ಮೇಲೆ ಅಪೀಲಿಲ್ಲ ಎಂದು ಜನ ಪಂಚಾಯ್ತಿಯಲ್ಲೂ ಅನ್ನುತ್ತಾರೆ. ಆ ಕಿವಿ ಮಂದವಾಗುತ್ತಿರುವುದು ಮೊದಲು ಗೊತ್ತಾದದ್ದು ನನಗೆ. ಒಂದು ಬೆಳಿಗ್ಗೆ, “ಮಾವ, ಸೊಪ್ಪಿನ ಸಾರು ಮಾಡ್ಲಾ?” ಎಂದೆ. “ಸೋಪಾ? ಬಚ್ಚಲ ಗೂಡ್ನಾಗೈತೆ ನೋಡು” ಎಂದ. ನಾನು ನಕ್ಕೆ. ಇಂಥವು ಹೆಚ್ಚುತ್ತಾ ಹೋದಾಗ ನಗು ನಿಂತಿತು. ಮೈದಾನದಲ್ಲಿ ಹೇಗೆ ನಿಭಾಯಿಸುತ್ತಾನೆಂದು ನನಗೆ ಭಾರೀ ಕುತೂಹಲ. ಸೋಮವಾರಗಳಲ್ಲಿ ಕಣ್ಣಿಟ್ಟು ನೋಡಿದೆ. ಅವನು ಕಿವಿಗೆ ಕೈ ಹಿಡಿದು ಬಾಗುತ್ತಿದ್ದ, ಆದರೆ ನೋಟವೆಲ್ಲ ಬ್ಯಾಟ್ಸ್‌ಮನ್ನಿನ ಮುಖದ ಮೇಲೆ. ಬ್ಯಾಟು ಸವರಿದ ಸದ್ದು ಬಂದ ಕೂಡಲೇ ತಪ್ಪು ಮಾಡಿದವನ ರೆಪ್ಪೆ ಆಡುತ್ತದೆ, ಗಂಟಲು ಉಗುಳು ನುಂಗುತ್ತದೆ. ಮಾವ ಅದನ್ನು ನೋಡಿ ಬೆರಳೆತ್ತುತ್ತಿದ್ದ. ಅದೂ ಒಂದು ವಿದ್ಯೆಯೇ. ಆದರೆ ಸೋಮವಾರ ಬಂತೆಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಬೆರಳಲ್ಲಿ ಕಲಸುತ್ತಲೇ ಇರುತ್ತಿದ್ದ. ನಾನು ಏನನ್ನೂ ಕೇಳದೆ ತಟ್ಟೆ ಎತ್ತಿಡುತ್ತಿದ್ದೆ.

ಈ ವರ್ಷದ ಫೈನಲ್ಲಿಗೆ ಹೊಳೆಯಾಚೆಯ ಟೀಮು ಬಂತು. ನಾನು ಹುಟ್ಟಿದಾಗಿನಿಂದ ಆ ಕಪ್ಪು ಅವರ ಊರಲ್ಲೇ ಇದೆ. ನಮ್ಮ ಕೊನೆಯ ಜೋಡಿ ಆಡುತ್ತಿತ್ತು, ಗೆಲ್ಲಲು ಇನ್ನೂ ಎರಡು ರನ್ನು ಬೇಕಿತ್ತು. ಬ್ಯಾಟು ಹಿಡಿದಿದ್ದವನು ಹಿಟ್ಟಿನ ಗಿರಣಿಯ ದಾದಾಪೀರ್. ಬಾಲು ಅವನ ಬ್ಯಾಟಿನ ಪಕ್ಕದಿಂದ ಹಾದು ಕೀಪರನ ಕೈ ಸೇರಿತು. ಹೊಳೆಯಾಚೆಯವರೆಲ್ಲ ಕೈ ಎತ್ತಿ ಕುಣಿದರು. ಸವರಿತೋ ಇಲ್ಲವೋ ಗೆರೆಯ ಹೊರಗಿದ್ದ ನಮಗೆ ಯಾರಿಗೂ ತಿಳಿಯಲಿಲ್ಲ. ಮಾವ ಎರಡೂ ಕೈಗಳನ್ನು ಕಿವಿಗೆ ಮುಟ್ಟಿಸಿದ. ಸೋಮವಾರಕ್ಕೆ ಎಂದು ಅರ್ಥ. ಮುಂದಿನ ಬಾಲನ್ನು ದಾದಾಪೀರ್ ಬೌಂಡರಿಗೆ ಅಟ್ಟಿದ. ಹುಡುಗರು ಅವನನ್ನು ಹೆಗಲ ಮೇಲೇನೋ ಹೊತ್ತರು, ಪಟಾಕಿಗೆ ಮಾತ್ರ ಯಾರೂ ಬೆಂಕಿ ಕೊಡಲಿಲ್ಲ. ಅರ್ಧ ಗೆಲುವನ್ನು ಅನುಭವಿಸುವುದು ನಮ್ಮ ಊರಿನವರಿಗೆ ರೂಢಿ.

ನನಗೆ ಭಯ ಶುರುವಾದದ್ದು ಬೇರೆ ಕಾರಣಕ್ಕೆ. ದಾದಾಪೀರನದು ಹುಟ್ಟಾ ನಗುಮುಖ. ಸಾವಿನ ಮನೆಗೆ ಹೋದರೂ ಜನ ತಪ್ಪು ತಿಳಿಯುತ್ತಾರೆಂದು ಅವನು ಬಾಯಿಗೆ ಟವೆಲ್ ಅಡ್ಡ ಹಿಡಿದು ಕೂರುವವನು. ರೆಪ್ಪೆಗಳ ಮೇಲೆ ಸದಾ ಹಿಟ್ಟು. ಆ ಮುಖದಲ್ಲಿ ಮಾವ ಏನನ್ನು ಓದಿಯಾನು?

ಸೋಮವಾರ ಊರಿಗೆ ಊರೇ ಗೆರೆಯೊಳಗೆ ಬಂದು ಕೂತಿತು. ಹೊಳೆಯಾಚೆಯವರು ಒಂದು ಪಕ್ಕ. ಮಾವ ಕೋಟಿನ ಗುಂಡಿ ಹಾಕಿಕೊಂಡು, ದಾದಾಪೀರನೊಂದಿಗೆ ನಡುವೆ ಹೋಗಿ ನಿಂತ. ಭಾನುವಾರದ ಬೌಲರನ ಓಟ ಧಪಧಪನೆ ನಮ್ಮ ಮುಂದೆ ಹಾದುಹೋಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹೊಳೆಯಾಚೆಯವರ ಕೂಗು ಮೈದಾನ ತುಂಬಿತು, ಕೂತವರೆಲ್ಲ ಕತ್ತು ಎತ್ತಿದರು. ನಮ್ಮ ಕತ್ತು ನೋಡಿ ಮಾವನಿಗೆ ಹೊತ್ತು ಮೀರಿತೆಂದು ಗೊತ್ತಾಗಿರಬೇಕು. ಅವನ ಬೆರಳು ಏಳಲಿಲ್ಲ. ಇಲ್ಲವೆಂದು ಕೈ ಆಡಿಸಲೂ ಇಲ್ಲ. ದಾದಾಪೀರನ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ಪಿಚ್ಚಿನ ಉದ್ದಕ್ಕೂ ನಡೆದು ಅವನ ಹತ್ತಿರ ಹೋದ. ಯಾವ ಅಂಪೈರೂ ಹಾಗೆ ಹೋಗಿದ್ದಿಲ್ಲ. ನಮಗೆ ಬೆನ್ನು ಮಾಡಿ ದಾದಾಪೀರನ ಹೆಗಲ ಮೇಲೆ ಕೈ ಇಟ್ಟು ಕೆಲ ಹೊತ್ತು ನಿಂತ. ಏನಾಯಿತೆಂದು ಕಾಣಿಸಲಿಲ್ಲ. ತಿರುಗಿ ತನ್ನ ಜಾಗಕ್ಕೆ ಬಂದು, ನಿಧಾನವಾಗಿ ಬೆರಳೆತ್ತಿದ.

ನಾವು ಸೋತಿದ್ದೆವು. ಹುಡುಗರು ಕಣ್ಣೊರೆಸಿಕೊಂಡರು. ಆದರೆ ಯಾರೂ ಮಾವನನ್ನು ಬೈಯಲಿಲ್ಲ, ಅದೇ ವಿಚಿತ್ರ. ತನ್ನ ಊರಿನ ವಿರುದ್ಧವೇ ಬೆರಳೆತ್ತಿದ ಮನುಷ್ಯ, ಎಂಥಾ ಕಿವಿ ಎಂದು ದಾರಿಯುದ್ದಕ್ಕೂ ಮಾತು. ನಾನು ಗಿರಣಿಗೆ ಹೋಗಿ, “ಮಾವ ನಿನ್ನ ಹತ್ರ ಏನಂದ್ನೋ?” ಎಂದು ದಾದಾಪೀರನನ್ನು ಕೇಳಿದೆ. “ಅದು ನಮ್ಮಿಬ್ರ ಮಾತು ಬಿಡಕ್ಕಾ” ಎಂದು ಜರಡಿ ಹಿಡಿದು ಒಳಗೆ ಹೋದ. ಮುಖದಲ್ಲಿ ಯಥಾಪ್ರಕಾರ ನಗು.

ಸಂಜೆ ಕೊಟ್ರಪ್ಪ ನಮ್ಮ ಮನೆಗೆ ಬಂದ. ಅವನು ನಮ್ಮ ಹೊಸಿಲು ತುಳಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಾವನ ಎದುರು ಮಣೆ ಎಳೆದುಕೊಂಡು ಕೂತು, ಅವನ ಎರಡೂ ಕೈ ಹಿಡಿದುಕೊಂಡ. “ಅಡವೀಶ, ಸೋತೆ ಕಣಯ್ಯ. ನಾನೇ ಅಲ್ಲಿ ನಿಂತಿದ್ರೂ ನನಗೆ ಕೇಳಿಸ್ತಿರ್ಲಿಲ್ಲ. ಇಷ್ಟು ವರ್ಷ ಬಾಯಿ ಬಾಯಿ ಅಂತ ಬಡ್ಕಂಡೆ. ವಿರೂಪಣ್ಣೋರು ಕೆತ್ಸಿದ್ದು ಕಿವಿ ಬಗ್ಗೆನೇ. ನಾಳೆ ಕಮಿಟಿನಾಗೆ ಹಂಗೇ ಬರೆಸ್ತೀನಿ.” ಮಾವನಿಗೆ ತುಟಿ ಓದಲು ಯಾವ ತೊಂದರೆಯೂ ಇಲ್ಲವಲ್ಲ, ಒಂದಕ್ಷರ ಬಿಡದೆ ತಿಳಿಯಿತು. ಜೀವನವಿಡೀ ಯಾವ ಮಾತಿಗಾಗಿ ಕಾದಿದ್ದನೋ ಆ ಮಾತು ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಅವನು ತನ್ನ ಕೈ ಬಿಡಿಸಿಕೊಂಡ. ಕೊಟ್ರಪ್ಪ ಹೋದ ಮೇಲೆ ನನ್ನ ಕಡೆ ತಿರುಗಿ, “ನಾಳೆ ಎಲ್ಲಾರ್ನೂ ಮೈದಾನಕ್ಕೆ ಬರಾಕೆ ಹೇಳು. ಇವತ್ತು ನಾನು ಬೆರಳೆತ್ತಿದ ಹೊತ್ತಿಗೇ. ಕೊಟ್ರನೂ ಬರ್ಲಿ” ಎಂದ.

“ಮಂಗಳವಾರ ಅಲ್ಲಿ ಏನು ಕೇಳ್ಸತ್ತೆ ಮಾವ? ಇವತ್ತು ಕೂತವರು ಮಂಡಕ್ಕಿ ತಿಂದ ಸದ್ದು.”

“ಇವತ್ತು ನಾನೂ ಅಲ್ಲಿ ಮಾತಾಡೀನಲ್ಲ” ಎಂದ.

ಆಗ ನನಗೆ ಹೊಳೆಯಿತು. ಇವನು ದಾದಾಪೀರನ ಹತ್ತಿರ ಏನನ್ನೋ ಬಾಯಿಬಿಟ್ಟು ಕೇಳಿದ್ದಾನೆ. ದನಿ ತೆಗೆಯದೆ ಬರೀ ತುಟಿ ಆಡಿಸಿದ್ದರೂ ದಾದಾಪೀರನಿಗೆ ತಿಳಿಯುತ್ತಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. “ಯಾಕೆ ಮಾವ ದನಿ ಕೊಟ್ಟೆ? ಮಂಗಳವಾರ ಯಾರೂ ಹೋಗಲ್ಲ, ಸುಮ್ನಿದ್ರೆ ಆಯ್ತು” ಎಂದು ತುಟಿ ಕಾಣುವಂತೆ ಅಂದೆ. “ಅಂಪೈರಾಗಿ ಕೇಳಿದ್ದು ಕಣೇ. ಕದ್ದು ಕೇಳಾಕಾಗ್ತದಾ?” ಎಂದ. ಆ ದಿನ ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮಂಗಳವಾರ ಹೊರಡುವಾಗ ಕೋಟು ತೊಟ್ಟುಕೊಂಡ. ದಾರಿಯಲ್ಲಿ ನಾನು, “ಕಮಿಟಿಗೆ ಹೇಳಿ ಬಿಟ್ಟುಬಿಡು ಮಾವ, ವಯಸ್ಸಾಯ್ತು ಅಂದ್ರೆ ಯಾರು ಬೇಡ ಅಂತಾರೆ?” ಎಂದೆ. ಅವನು ನಿಂತ. “ನಾನಾಗೇ ಎದ್ದು ಹೋದ್ರೆ ಅದು ರಿಟೈರ್ಡ್ ಹರ್ಟ್. ನನಗೆ ಔಟ್ ಬೇಕು ದಾಕ್ಷಿ. ಕಿವಿ ಹೋದ ಮ್ಯಾಲೂ ಕ್ರೀಸ್ನಾಗೆ ನಿಂತಿದ್ದೆ. ಯಾರಾದ್ರೂ ಕೈ ಎತ್ತಿ ಕೇಳ್ಬೇಕು, ನಾನು ಬೆರಳೆತ್ತಬೇಕು. ಅಷ್ಟೇ.” ಅವನ ತಲೆಯಲ್ಲಿ ಎಲ್ಲವೂ ಕ್ರಿಕೆಟ್ಟಿನ ಭಾಷೆಯಲ್ಲೇ ಓಡುವುದು ನನಗೆ ಹೊಸದಲ್ಲ. ಆದರೂ ಕಣ್ಣು ತುಂಬಿತು.

ಜನ ಬಂದಿದ್ದರು. ಮಂಗಳವಾರ ಬಂದು ಅಭ್ಯಾಸವಿಲ್ಲದ್ದರಿಂದ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದರು. ಇವತ್ತು ಇಬ್ಬರ ಮಾತು ಕೇಳಬೇಕಾದ್ದರಿಂದ ಮಾವ ಕೈ ಸನ್ನೆ ಮಾಡಿ ಎಲ್ಲರನ್ನೂ ಪಿಚ್ಚಿನ ಸುತ್ತ ಹತ್ತಿರಕ್ಕೆ ಕರೆಸಿಕೊಂಡ. ತಾನು ನಡುವೆ ನಿಂತ. ಮೊದಲು ನಮ್ಮದೇ ನೆನ್ನೆಯ ಗದ್ದಲ ದೂರದಿಂದ ಕೇಳಿಸಿತು, ಯಾರೋ ಮಗುವನ್ನು ಗದರಿದ್ದು, ಯಾರೋ ಸೀನಿದ್ದು. ಆಮೇಲೆ ಹೆಜ್ಜೆಗಳು. ಆಮೇಲೆ ಮಾವನ ದನಿ, ಕಿವಿ ಮಂದವಾದವರ ದನಿಯಂತೆ ಸ್ವಲ್ಪ ಜೋರಾಗಿ.

“ದಾದಾ, ನನಗೆ ಕಿವಿ ಕೇಳ್ಸಲ್ಲ ಕಣಪ್ಪ. ಬಾಳ ದಿನ ಆತು. ನಿಮ್ಮ ಮಕ ನೋಡಿ ನೋಡಿ ತೀರ್ಪು ಕೊಟ್ಕಂಡು ಬಂದೀನಿ. ನಿನ್ನ ಮಕದಾಗೆ ಏನೂ ಗೊತ್ತಾಗಂಗಿಲ್ಲ. ಅದಕ್ಕೆ ಬಾಯಿ ಬಿಟ್ಟು ಕೇಳ್ತಿದೀನಿ. ಬ್ಯಾಟಿಗೆ ತಗಲ್ತಾ?”

ನೆನ್ನೆಯ ಗಾಳಿ ಮಾತ್ರ.

“ತಗಲ್ತು ಅಯ್ಯಾರೇ” ಎಂದಿತು ದಾದಾಪೀರನ ದನಿ. ನಗುಮುಖದವನ ದನಿಯಲ್ಲಿ ನಗುವಿರಲಿಲ್ಲ. “ನೀವು ಕೇಳ್ದೆ ಹೋಗಿದ್ರೆ ಸುಮ್ನಿರ್ತಿದ್ದೆ. ಕೇಳಿದ ಮ್ಯಾಲೆ ಹೆಂಗೆ ಇಲ್ಲ ಅನ್ಲಿ?”

“ಎತ್ತಲಾ ಹಂಗಾದ್ರೆ?”

“ಎತ್ರಿ.”

ಇದ್ಯಾವುದೂ ಮಾವನಿಗೆ ಕೇಳಿಸಲಿಲ್ಲ. ಅವನು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಕೊಟ್ರಪ್ಪನ ಮುಖ ಬಣ್ಣಗೆಟ್ಟದ್ದನ್ನು ಕಂಡಾಗ ಎಲ್ಲರಿಗೂ ತಲುಪಿತೆಂದು ತಿಳಿಯಿತು. ಆಗ ಬ್ಯಾಟ್ಸ್‌ಮನ್ ನಿಲ್ಲುವ ಜಾಗಕ್ಕೆ ಹೋಗಿ, ನಮ್ಮ ಕಡೆ ಮುಖ ಮಾಡಿ, ಕೈ ಕಟ್ಟಿಕೊಂಡು ನಿಂತ. ಯಾರೂ ಹೇಳಿಕೊಡದಿದ್ದರೂ ಊರಿಗೆಲ್ಲ ಅರ್ಥವಾಯಿತು. ಕೇಳಿರಪ್ಪ ಎನ್ನುತ್ತಿದ್ದಾನೆ.

ಯಾರೂ ಕೇಳಲಿಲ್ಲ. ಚನ್ನಬಸು ನೆಲ ನೋಡಿದ. ದಾದಾಪೀರ್ ಟವೆಲನ್ನು ಬಾಯಿಗೆ ಒತ್ತಿಕೊಂಡ. ಎಲ್ಲರ ಕಣ್ಣೂ ಕೊಟ್ರಪ್ಪನ ಮೇಲೆ ಹೋಯಿತು. ಔಟ್ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗೇ. ನೆನ್ನೆ ತಾನೇ ಸೋತೆ ಎಂದು ಒಪ್ಪಿಕೊಂಡು ಬಂದವನು, ಗೆದ್ದದ್ದು ಇವತ್ತು. ಬಾಯಿಬಿಟ್ಟು ಕೇಳುವುದೇ ಕೇಳುವುದು ಎಂದು ಸ್ವತಃ ಅಡವೀಶನೇ ತೋರಿಸಿದ್ದಾನೆ. ಕೊಟ್ರಪ್ಪನ ಬಲಗೈ ಅರ್ಧದವರೆಗೆ ಎದ್ದಿತು. ಎದ್ದ ಕೈಯಿಂದ ಸುಮ್ಮನೆ ತಲೆ ಕೆರೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡ. ಅವನನ್ನು ನೋಡಿ ಒಬ್ಬೊಬ್ಬರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಕೇಳದೆ ಔಟ್ ಇಲ್ಲ. ಊರು ಅವನನ್ನು ಬಿಟ್ಟುಕೊಡಲಿಲ್ಲ.

ನನಗೆ ಆ ಜನರ ಮೇಲೆ ಎಂಥಾ ಪ್ರೀತಿ ಬಂತೆಂದರೆ ಎಲ್ಲರ ಕಾಲಿಗೆ ಬೀಳಬೇಕೆನಿಸಿತು. ಮಾವನ ಮುಖ ನೋಡಿದ ಮೇಲೆ ಆ ಪ್ರೀತಿ ಅಲ್ಲೇ ನಿಂತಿತು. ಅವನು ಕಾಯುತ್ತಿದ್ದ. ಬಿಸಿಲಿಗೆ ಕೋಟಿನ ಕಂಕುಳು ಒದ್ದೆಯಾಗಿತ್ತು. ಒಂದೊಂದೇ ಮುಖವನ್ನು ದಾಟಿಕೊಂಡು ಅವನ ನೋಟ ಬರುತ್ತಿತ್ತು, ಪ್ರತಿ ಮುಖದಲ್ಲೂ ಕರುಣೆಯೇ. ಇವರು ಕೇಳುವವರೆಗೆ ಇವನು ಅಲ್ಲಿಂದ ಕದಲುವಂತಿಲ್ಲ. ಮುಂದಿನ ಸೋಮವಾರವೂ ಇದೇ ಕೋಟು, ಮತ್ತೆ ಬಾಗುವುದು, ಮತ್ತೆ ಅದೇ ಕಲಸಿಟ್ಟ ಅನ್ನ. ಇದು ದಯೆಯಲ್ಲ, ಇದು ಜೈಲು ಎನಿಸಿತು ನನಗೆ. ಕೊನೆಗೆ ಅವನ ನೋಟ ನನ್ನ ಹತ್ತಿರ ಬಂದು ನಿಂತಿತು.

ನಾನು ಎರಡು ಹೆಜ್ಜೆ ಮುಂದೆ ಹೋಗಿ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ, ಅವನ ಕಣ್ಣಿನಲ್ಲಿ ಕಣ್ಣಿಟ್ಟು ಕೂಗಿದೆ. ಮೈದಾನದಲ್ಲಿ ಸದ್ದೇನೂ ಆಗಲಿಲ್ಲ. ಕೊಟ್ರಪ್ಪ ನನ್ನನ್ನು ತಿಂದುಬಿಡುವಂತೆ ನೋಡಿದ. ಮಾವನ ಮುಖ ಸಡಿಲವಾಯಿತು. ಎಂದಿನಂತೆ ಒಂದು ಗಳಿಗೆ ಯೋಚಿಸುವವನ ಹಾಗೆ ನಿಂತು, ಬಲಗೈಯ ಬೆರಳನ್ನು ಆಕಾಶಕ್ಕೆ ಎತ್ತಿದ. ಆಮೇಲೆ ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಪೆವಿಲಿಯನ್ ಕಡೆ ನಡೆದುಬಂದ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ನನ್ನ ಪಕ್ಕ ಹಾದುಹೋಗುವಾಗ ಅವನು ನನ್ನ ತಲೆಯನ್ನೊಮ್ಮೆ ಮುಟ್ಟಿದ. ಆಗಲೂ ನಾನು ಧೈರ್ಯವಾಗಿಯೇ ಇದ್ದೇನೆಂದು ನಂಬಿದ್ದೆ. ಎಷ್ಟು ಜೋರಾಗಿ ಕೂಗಿದ್ದೆನೆಂಬುದು, ಆ ಕೂಗು ಕೊನೆಗೆ ಅಳುವಾಗಿ ಒಡೆದಿತ್ತೆಂಬುದು ನನಗೆ ಗೊತ್ತಾದದ್ದು ಬುಧವಾರ.